ಬಲದ ಲೆಕ್ಕವು ಯಾರ ಕೈಯಲ್ಲಿರಬೇಕು?

ಯಂತ್ರವೆಂಬ ಶಬ್ದವನ್ನು ಕೇಳಿದೊಡನೆಯೇ ನಮ್ಮ ಸುಶಿಕ್ಷಿತರ ಕಣ್ಣೆದುರಿಗೆ ಬಂದು ನಿಲ್ಲುವುದು ಮುಂಬಯಿಯ ಗಿರಣಿ, ಬೆಂಗಳೂರಿನ ಕಾರಖಾನೆ, ಇಲ್ಲವೆ ಸಮುದ್ರದಾಚೆಯ ಯಾವುದೋ ಮಹಾನಗರ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹೆಸರು ಬಂದರೆ ಅಡಿಕೆ, ಮೆಣಸು, ಕಾಡು, ಯಕ್ಷಗಾನ ಇವುಗಳ ಸ್ಮರಣೆಯಾಗುವುದೇ ಹೊರತು ಯಂತ್ರಶಾಸ್ತ್ರದ ಸ್ಮರಣೆಯಾಗುವುದಿಲ್ಲ. ಈ ಭಾವನೆಯು ತಪ್ಪಾದುದು. ತಪ್ಪಾದುದಷ್ಟೇ ಅಲ್ಲ, ಆ ಸೀಮೆಯ ಜನರಿಗೆ ಹಾನಿಕರವಾದುದೂ ಅಹುದು. ಬಲದ ಶಾಸ್ತ್ರವು ತಮ್ಮದಲ್ಲವೆಂದು ನಂಬಿದ ಜನರು ಬಲದ ಲೆಕ್ಕವನ್ನು ಕೇಳುವ ಹಕ್ಕನ್ನೂ ಮೆಲ್ಲಗೆ ಬಿಟ್ಟುಕೊಡುವರು. ಆ ಹಕ್ಕು ಹೇಗೆ ಹುಟ್ಟಿತು, ಯಾರ ಕೈಯಲ್ಲಿ ಬೆಳೆಯಿತು, ಇಂದು ಅದನ್ನು ಏಕೆ ಬಿಡಬಾರದು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಮನೆಯಂಗಳವನ್ನೇ ನೋಡೋಣ. ಸಿದ್ದಾಪುರ ತಾಲೂಕಿನ ಕೋಲಸಿರ್ಸಿಯಿಂದ ಹಿಡಿದು ಯಲ್ಲಾಪುರದ ಕಣಿವೆಗಳ ವರೆಗೆ ಗುಡ್ಡದ ಒರತೆಯ ನೀರನ್ನು ಅಡಿಕೆಯ ದಂಬೆಗಳ ಮೂಲಕ ಅಂಗಳಕ್ಕೆ ಇಳಿಸಿ ತರುವ ಪದ್ಧತಿಯುಂಟು. ಇದಕ್ಕೆ ಅಬ್ಬಿಯ ನೀರೆನ್ನುವರು. ಇಳಿಜಾರು ಹೆಚ್ಚಾದರೆ ನೀರು ದಂಬೆಯಿಂದ ಹಾರಿಹೋಗುವುದು. ಕಡಿಮೆಯಾದರೆ ತರಗೆಲೆ ನಿಂತು ದಾರಿ ಕಟ್ಟುವುದು. ಎಷ್ಟು ಇಳಿಜಾರು ಬೇಕೆಂಬುದು ಅಲ್ಲಿನ ಒಕ್ಕಲಿಗನಿಗೆ ಕಣ್ಣಳತೆಯಿಂದಲೇ ಗೊತ್ತು. ಆಲೆಮನೆಯಲ್ಲಿ ಕಬ್ಬನ್ನರೆಯುವಾಗ ಕೋಣವನ್ನು ಕಟ್ಟುವ ತೊಲೆ ಉದ್ದವಾದಷ್ಟೂ ಎಳೆತ ಹಗುರಾಗುವುದು, ಆದರೆ ಕೋಣವು ಅಷ್ಟೇ ಹೆಚ್ಚು ದೂರ ಸುತ್ತಬೇಕಾಗುವುದು. ಎರಡು ವರುಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬೆಯ ಜಾತ್ರೆಯಲ್ಲಿ ದೇವಿಯ ರಥವು ಬಿಡಕಿಬೈಲಿಗೆ ಸಾಗುವಾಗ ಅಷ್ಟು ಭಾರದ ಕಟ್ಟಡವನ್ನು ಹೊರಡಿಸಲಿಕ್ಕೆ ಬೇಕಾಗುವ ಬಲ ಬೇರೆ, ಹೊರಟ ಮೇಲೆ ನಡೆಯಿಸಲಿಕ್ಕೆ ಬೇಕಾಗುವ ಬಲ ಬೇರೆ ಎಂಬುದನ್ನು ಹಗ್ಗ ಹಿಡಿದ ಪ್ರತಿಯೊಬ್ಬನ ಭುಜವೂ ಬಲ್ಲದು.

ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಕೊನೆಗೌಡನ ವಿದ್ಯೆ. ಅಡಿಕೆಯ ಮರದ ಕಾಂಡವು ನುಣುಪಾದುದು, ಸಣ್ಣದು, ಗಾಳಿಗೆ ತೂಗುವಂಥದು. ಕಾಲಿಗೆ ತಳೆಯನ್ನು ಹಾಕಿ, ಮೈಭಾರವನ್ನೇ ಮರವನ್ನಪ್ಪುವ ಒತ್ತಡವನ್ನಾಗಿ ಮಾರ್ಪಡಿಸಿ ಅವನು ಏರುತ್ತಾನೆ. ತುದಿಯಲ್ಲಿ ಮರವನ್ನು ತೂಗಿ ಬಾಗಿಸಿ ಮಗ್ಗುಲಿನ ಮರಕ್ಕೆ ದಾಟುತ್ತಾನೆ. ಕೊಯ್ದ ಕೊನೆಯನ್ನು ಹಾಗೆಯೇ ಬಿಟ್ಟರೆ ಅಡಿಕೆ ಚದುರಿಹೋಗುವುದೆಂದು ಕೆಳಗಿನವನಿಂದ ಹಗ್ಗವನ್ನು ಓರೆಯಾಗಿ ಹಿಡಿಸಿ ಅದರ ಮೇಲೆ ಜಾರಿಸಿ ಇಳಿಸುತ್ತಾನೆ. ಇಟಲಿಯ ಗೆಲಿಲಿಯೊ ಪಂಡಿತನು ಬೀಳುವ ವಸ್ತುವಿನ ವೇಗವನ್ನು ತಗ್ಗಿಸಿ ಅಳೆಯುವುದಕ್ಕಾಗಿ ಹಲಗೆಯನ್ನು ಓರೆಯಾಗಿಟ್ಟು ಗುಂಡನ್ನು ಉರುಳಿಸಿದನು. ತತ್ತ್ವವು ಎರಡೂ ಕಡೆಗೆ ಒಂದೇ.

ಹಾಗಾದರೆ ಕೊನೆಗೌಡನೂ ಗೆಲಿಲಿಯೊನೂ ಸಮಾನರೆನ್ನಬಹುದೆ? ಅಭಿಮಾನಕ್ಕಾಗಿ ಹಾಗೆನ್ನುವುದು ಸುಲಭ. ಆದರೆ ಸತ್ಯಕ್ಕೆ ಒಪ್ಪುವುದಿಲ್ಲ. ಕೈಯ ಕುಶಲತೆ ಬೇರೆ, ಶಾಸ್ತ್ರ ಬೇರೆ. ಕುಶಲತೆಯು ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಇಳಿಯುವುದು. ಕಲಿಯುವವನಿಲ್ಲದಿದ್ದರೆ ಕಲಿಸುವವನೊಡನೆಯೇ ಮುಗಿಯುವುದು. ಶಾಸ್ತ್ರವಾದರೋ ಮೂರು ಲಕ್ಷಣಗಳಿಂದ ಕೂಡಿದುದು: ಅಳತೆ ಮಾಡುವುದು, ಅಳತೆಯನ್ನು ಬರೆದಿಡುವುದು, ಬರೆದುದನ್ನು ಅಪರಿಚಿತರ ಪರೀಕ್ಷೆಗೆ ಒಪ್ಪಿಸುವುದು. ಈ ಮೂರನೆಯ ಲಕ್ಷಣಕ್ಕೆ ಒಬ್ಬನೇ ಮನುಷ್ಯನು ಸಾಲದು, ಒಂದು ಸಮಾಜವೇ ಬೇಕು. ಯಂತ್ರಶಾಸ್ತ್ರದ ಇತಿಹಾಸವೆಂದರೆ ಅಂಥ ಸಮಾಜಗಳ ಇತಿಹಾಸವೇ ಆಗಿರುತ್ತದೆ.

ನಮ್ಮ ದೇಶದಲ್ಲಿ ಈ ವಿಚಾರವು ಪ್ರಾಚೀನವಾದುದು. ವೈಶೇಷಿಕ ದರ್ಶನದವರು ಪತನಕ್ಕೆ ಗುರುತ್ವವೇ ಕಾರಣವೆಂದು ಹೇಳಿದರು. ಬಿಟ್ಟ ಬಾಣವು ಕೈಯ ಆಸರೆಯಿಲ್ಲದೆ ಮುಂದೆ ಸಾಗುವುದು ಹೇಗೆಂಬುದನ್ನು ವೇಗವೆಂಬ ಸಂಸ್ಕಾರದಿಂದ ವಿವರಿಸಲು ಯತ್ನಿಸಿದರು. ಸಹ್ಯಾದ್ರಿಯನ್ನು ಆಶ್ರಯಿಸಿದ ಊರಿನವನೆಂದು ತನ್ನನ್ನು ಹೇಳಿಕೊಂಡ ಭಾಸ್ಕರಾಚಾರ್ಯನು ೧೧೫೦ರಲ್ಲಿ ಸಿದ್ಧಾಂತಶಿರೋಮಣಿಯನ್ನು ಬರೆದು, ಭೂಮಿಗೆ ಸೆಳೆಯುವ ಶಕ್ತಿಯುಂಟೆಂದೂ, ಆ ಶಕ್ತಿಯಿಂದಲೇ ಆಕಾಶದಲ್ಲಿರುವ ಭಾರವಾದ ವಸ್ತುವು ಅದರತ್ತ ಬರುವುದೆಂದೂ ನಿರೂಪಿಸಿದನು. ಅದೇ ಗ್ರಂಥದಲ್ಲಿ ಅವನು ಟೊಳ್ಳಾದ ಅರೆಕಾಲುಗಳಲ್ಲಿ ಪಾದರಸವನ್ನು ಅರ್ಧ ತುಂಬಿದ ಚಕ್ರವೊಂದನ್ನು ವರ್ಣಿಸಿ, ಅದು ತಾನಾಗಿಯೇ ತಿರುಗುತ್ತಿರುವುದೆಂದು ಹೇಳಿದ್ದಾನೆ. ಆ ಚಕ್ರವು ತಿರುಗಲಾರದು. ಒಂದು ಮಗ್ಗುಲಿನಲ್ಲಿ ಇಳಿಯುವ ಪಾದರಸವು ಕೊಡುವ ಬಲವನ್ನು ಮತ್ತೊಂದು ಮಗ್ಗುಲಿನಲ್ಲಿ ಏರಬೇಕಾದ ಪಾದರಸವು ನುಂಗಿಬಿಡುವುದು. ಉಳಿದುದನ್ನು ಅಚ್ಚಿನ ಘರ್ಷಣೆ ತಿನ್ನುವುದು. ಅಂಥ ಪ್ರತಿಭಾಶಾಲಿಯು ಎಡವಿದನೆಂದು ನಾವು ಹೇಳುವುದು ಅವನ ಕೀರ್ತಿಯನ್ನು ಕುಗ್ಗಿಸುವುದಕ್ಕಲ್ಲ. ಚಕ್ರವನ್ನು ಕಟ್ಟಿ, ತಿರುಗಿಸಿ, ನಿಂತಿತೆಂದು ಬರೆದು ಪ್ರಕಟಿಸುವ ಬಡಗಿ ಕಮ್ಮಾರರ ಹಾಗೂ ಪಂಡಿತರ ಸಮ್ಮಿಶ್ರ ಸಭೆಯೊಂದು ಇದ್ದಿದ್ದರೆ ತಪ್ಪು ಬೇಗನೆ ತಿದ್ದಲ್ಪಡುತ್ತಿದ್ದಿತು. ಸೂತ್ರ ಬರೆಯುವವನು ಒಂದು ಕೇರಿಯಲ್ಲಿಯೂ ಉಳಿ ಹಿಡಿಯುವವನು ಮತ್ತೊಂದು ಕೇರಿಯಲ್ಲಿಯೂ ಇದ್ದ ಸಮಾಜದಲ್ಲಿ ಅಂಥ ಸಭೆಯು ಕೂಡುವುದು ಕಷ್ಟವಾಗಿದ್ದಿತು.

ಯುರೋಪದಲ್ಲಿಯೂ ತಾನಾಗಿ ತಿರುಗುವ ಚಕ್ರದ ಮೋಹವು ಶತಮಾನಗಳ ಕಾಲ ಬಿಡಲಿಲ್ಲ. ಅಲ್ಲಿಯೂ ಪಂಡಿತರು ಕುಶಲಕರ್ಮಿಗಳ ಮಾತಿಗೆ ಕಿವಿಗೊಡಲಾರಂಭಿಸಿದ ಮೇಲೆಯೇ ಶಾಸ್ತ್ರಕ್ಕೆ ಜೀವ ಬಂದಿತು. ಗೆಲಿಲಿಯೊನು ೧೬೩೮ರಲ್ಲಿ ಪ್ರಕಟಿಸಿದ ಬಲ ಹಾಗೂ ಚಲನೆಯ ಗ್ರಂಥವು ವೆನಿಸ್ ನಗರದ ಹಡಗುಕಟ್ಟೆಯ ಕೆಲಸಗಾರರಿಂದ ಕಲಿಯತಕ್ಕುದು ಎಷ್ಟೋ ಇದೆಯೆಂಬ ಮಾತಿನಿಂದಲೇ ಆರಂಭವಾಗುವುದು. ೧೬೬೦ರಲ್ಲಿ ಲಂಡನ್ನಿನಲ್ಲಿ ರಾಯಲ್ ಸೊಸಾಯಿಟಿಯೂ ೧೬೬೬ರಲ್ಲಿ ಪ್ಯಾರಿಸಿನಲ್ಲಿ ವಿಜ್ಞಾನ ಪರಿಷತ್ತೂ ಹುಟ್ಟಿದವು. ಯಾರ ಮಾತನ್ನೂ ಪ್ರಮಾಣವೆಂದು ಸುಮ್ಮನೆ ಸ್ವೀಕರಿಸತಕ್ಕದ್ದಲ್ಲ ಎಂಬುದು ಲಂಡನ್ನಿನ ಸಭೆಯ ಧ್ಯೇಯವಾಕ್ಯದ ತಾತ್ಪರ್ಯ. ನ್ಯೂಟನ್ನನ ಮಹಾಗ್ರಂಥವು ೧೬೮೭ರಲ್ಲಿ ಹೊರಬಿದ್ದುದು ಆ ಸಭೆಯ ಅನುಮೋದನೆಯಿಂದಲೇ. ಪ್ಯಾರಿಸಿನ ಪರಿಷತ್ತು ೧೭೭೫ರಲ್ಲಿ ಮತ್ತೊಂದು ಹೆಜ್ಜೆ ಮುಂದಿಟ್ಟು, ತಾನಾಗಿ ತಿರುಗುವ ಯಂತ್ರವನ್ನು ಕಂಡುಹಿಡಿದೆವೆಂದು ಬರುವ ಯಾವ ಅರ್ಜಿಯನ್ನೂ ಇನ್ನು ಮೇಲೆ ಪರೀಕ್ಷಿಸುವುದಿಲ್ಲವೆಂದು ಗೊತ್ತುಪಡಿಸಿತು. ಬಲವು ಪುಕ್ಕಟೆಯಾಗಿ ದೊರೆಯುವುದಿಲ್ಲ. ಒಂದು ಕಡೆಗೆ ಬಂದುದು ಮತ್ತೊಂದು ಕಡೆಯಿಂದ ಹೋಗಿಯೇ ಇರಬೇಕು. ಈ ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇವೆ. ಮುಂದೆ ಇದರ ಪ್ರಯೋಜನವು ಬೀಳುವುದು.

ಪಂಡಿತರ ಪರಿಷತ್ತುಗಳ ಹಿಂದೆಯೇ ಕಸುಬುದಾರರ ಸಂಘಗಳು ಹುಟ್ಟಿದವು. ಇಂಗ್ಲಂಡದ ಸ್ಮೀಟನ್ನನು ಮೊದಲು ಉಪಕರಣಗಳನ್ನು ಮಾಡುವ ಕಸುಬಿನವನು. ನೀರಿನ ಚಕ್ರದ ಸಣ್ಣ ಮಾದರಿಗಳನ್ನು ಕಟ್ಟಿ ಅಳೆದು, ಮೇಲಿನಿಂದ ನೀರು ಬೀಳುವ ಚಕ್ರವು ಕೆಳಗಿನಿಂದ ನೀರು ತಳ್ಳುವ ಚಕ್ರಕ್ಕಿಂತ ಸುಮಾರು ಎರಡು ಪಟ್ಟು ಕೆಲಸ ಮಾಡುವುದೆಂದು ಅವನು ೧೭೫೯ರಲ್ಲಿ ತೋರಿಸಿದನು. ೧೭೭೧ರಲ್ಲಿ ತನ್ನಂಥವರ ಒಂದು ಸಂಘವನ್ನು ಕೂಡಿಸಿದನು. ೧೮೪೭ನೆಯ ಇಸವಿಯು ಈ ಇತಿಹಾಸದಲ್ಲಿ ವಿಶೇಷವಾದುದು. ಆ ವರುಷ ಬರ್ಮಿಂಗ್‌ಹ್ಯಾಮಿನಲ್ಲಿ ಯಂತ್ರ ಇಂಜಿನಿಯರರ ಸಂಸ್ಥೆಯು ಸ್ಥಾಪಿತವಾಯಿತು. ಅದರ ಮೊದಲನೆಯ ಅಧ್ಯಕ್ಷನು ಹದಿನೆಂಟನೆಯ ವಯಸ್ಸಿನಲ್ಲಿ ಅಕ್ಷರ ಕಲಿತ ಜಾರ್ಜ ಸ್ಟೀಫನ್ಸನ್ನನು. ಅದೇ ವರುಷ ಜರ್ಮನಿಯ ಹೆಲ್ಮ್‌ಹೋಲ್ಟ್ಸನು ಶಕ್ತಿಯು ಹುಟ್ಟುವುದೂ ಇಲ್ಲ ಅಳಿಯುವುದೂ ಇಲ್ಲವೆಂಬ ನಿಯಮದ ಪ್ರಬಂಧವನ್ನು ಪ್ರಕಟಿಸಿದನು. ಅದೇ ವರುಷ ಹಿಂದುಸ್ಥಾನದ ರೂರ್ಕಿಯಲ್ಲಿ ಇಂಜಿನಿಯರಿಂಗ ಕಾಲೇಜು ತೆರೆಯಲ್ಪಟ್ಟಿತು. ಆದರೆ ಅಲ್ಲಿ ಸಂಘವು ಕಸುಬಿನವರಿಂದ ಹುಟ್ಟಿತು; ಇಲ್ಲಿ ಕಾಲೇಜು ಸರಕಾರದ ಕಾಲುವೆಗಳಿಗೆ ಅಧಿಕಾರಿಗಳನ್ನೊದಗಿಸುವುದಕ್ಕಾಗಿ ಹುಟ್ಟಿತು. ಈ ಭೇದವು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಅಲ್ಲಿ ಇಂಜಿನಿಯರನು ತನ್ನ ಕಸುಬಿನ ಸಂಘಕ್ಕೆ ಉತ್ತರ ಹೇಳುವವನಾದನು. ಇಲ್ಲಿ ಮೇಲಧಿಕಾರಿಗೆ ಉತ್ತರ ಹೇಳುವವನಾದನು.

ಇದರೊಳಗಿನಿಂದಲೇ ನಮ್ಮವರು ತಲೆಯೆತ್ತಿದರೆಂಬುದು ಹೆಮ್ಮೆಯ ಸಂಗತಿ. ಪುಣೆಯಲ್ಲಿ ಕಲಿತು ೧೮೮೩ರಲ್ಲಿ ತೇರ್ಗಡೆಯಾದ ವಿಶ್ವೇಶ್ವರಯ್ಯನವರು ಖಡಕವಾಸ್ಲಾ ಜಲಾಶಯಕ್ಕೆ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಯೋಜಿಸಿದರು. ಏರಿದ ನೀರಿನ ಬಲದಿಂದಲೇ ಬಾಗಿಲು ತೆರೆಯುವ ಆ ಯುಕ್ತಿಯಲ್ಲಿ ಪುಕ್ಕಟೆಯಾದುದೇನೂ ಇರಲಿಲ್ಲ, ಲೆಕ್ಕವಿದ್ದಿತು. ಬೆಂಗಳೂರಿನಲ್ಲಿ ೧೯೦೯ರಲ್ಲಿ ಭಾರತೀಯ ವಿಜ್ಞಾನ ಮಂದಿರವೂ ೧೯೧೭ರಲ್ಲಿ ಇಂಜಿನಿಯರಿಂಗ ಕಾಲೇಜೂ ಸ್ಥಾಪಿತವಾದವು. ಭಾರತದ ಇಂಜಿನಿಯರರ ಸಂಸ್ಥೆಯು ೧೯೨೦ರಲ್ಲಿ ಹುಟ್ಟಿ ೧೯೩೫ರಲ್ಲಿ ರಾಜಸನ್ನದನ್ನು ಪಡೆಯಿತು. ವಿಜ್ಞಾನ ಮಂದಿರದಲ್ಲಿ ೧೯೪೨ರಲ್ಲಿ ವಿಮಾನಶಾಸ್ತ್ರದ ವಿಭಾಗವು ತೆರೆದುದರಿಂದ ಗಾಳಿಯ ಚಲನೆಯ ಶಾಸ್ತ್ರಕ್ಕೆ ಈ ದೇಶದಲ್ಲಿ ಒಂದು ಮನೆಯಾಯಿತು. ೧೯೪೬ರಲ್ಲಿ ಜಗತ್ತಿನ ಯಂತ್ರಶಾಸ್ತ್ರಜ್ಞರ ಅಂತರರಾಷ್ಟ್ರೀಯ ಒಕ್ಕೂಟವೂ, ೧೯೫೫ರಲ್ಲಿ ಖರಗಪುರದಲ್ಲಿ ಭಾರತದ ಯಂತ್ರಶಾಸ್ತ್ರಜ್ಞರ ಪರಿಷತ್ತೂ ರೂಪುಗೊಂಡವು. ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಜಿಲ್ಲೆಯ ಹುಡುಗನು ಈ ವಿದ್ಯೆಗಾಗಿ ಪುಣೆಯ ದಾರಿಯನ್ನೋ ಮುಂಬಯಿಯ ದಾರಿಯನ್ನೋ ಹಿಡಿಯಬೇಕಾಗಿದ್ದಿತು. ೧೯೪೭ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿ ಕಾಲೇಜು ಹುಟ್ಟಿದ ಮೇಲೆ ದಾರಿಯು ಹತ್ತಿರವಾಯಿತು.

ಇಷ್ಟರಲ್ಲಿಯೇ ಆ ಶಾಸ್ತ್ರವು ಘಟ್ಟದ ಮೇಲಿನವರ ಬಾಗಿಲಿಗೆ ತಾನಾಗಿಯೇ ಬಂದು ನಿಂತಿತು. ಜೋಗದಲ್ಲಿ ಶರಾವತಿಯು ೮೨೯ ಅಡಿ, ಅಂದರೆ ೨೫೩ ಮೀಟರು, ಕೆಳಗೆ ಬೀಳುವುದು. ಆಚೆಯ ದಡವು ಮೈಸೂರಿನ ಸಾಗರ ತಾಲೂಕು, ಈಚೆಯ ದಡವು ಮುಂಬಯಿ ಇಲಾಖೆಯ ಸಿದ್ದಾಪುರ ತಾಲೂಕು. ಒಂದು ಘನ ಮೀಟರು ನೀರು ಅಷ್ಟು ಎತ್ತರದಿಂದ ಬಿದ್ದರೆ ಅದರಲ್ಲಿರುವ ಶಕ್ತಿಯು ಒಂದು ಯೂನಿಟ್ಟು ವಿದ್ಯುತ್ತಿನ ಮುಕ್ಕಾಲು ಪಾಲಿಗಿಂತಲೂ ಕೊಂಚ ಕಡಿಮೆ. ೧೯೪೮ರಲ್ಲಿ ಅಲ್ಲಿ ತಿರುಗಲಾರಂಭಿಸಿ ಮಹಾತ್ಮರ ಹೆಸರನ್ನು ಹೊತ್ತ ವಿದ್ಯುದಾಗಾರದ ಚಕ್ರಗಳು ಪೆಲ್ಟನ್ ಜಾತಿಯವು. ಆ ಪೆಲ್ಟನ್ನನಾದರೂ ಯಾರು? ಅಮೇರಿಕೆಯ ಚಿನ್ನದ ಗಣಿಗಳ ಸೀಮೆಯಲ್ಲಿ ಬಡಗಿಯ ಕೆಲಸವನ್ನೂ ಯಂತ್ರ ಕೂಡಿಸುವ ಕೆಲಸವನ್ನೂ ಮಾಡುತ್ತಿದ್ದವನು. ನೀರಿನ ಧಾರೆಯು ಬಟ್ಟಲಿನ ನಡುವಿನ ಏಣಿಗೆ ತಗುಲಿ ಎರಡಾಗಿ ಸೀಳಿ ಹಿಂದಕ್ಕೆ ಹೊರಳಿದರೆ ಬಲವು ಹೆಚ್ಚು ದೊರೆಯುವುದೆಂದು ಕಂಡುಕೊಂಡು ೧೮೮೦ರಲ್ಲಿ ಸನ್ನದನ್ನು ಪಡೆದವನು. ಒಬ್ಬ ಬಡಗಿಯ ಕಣ್ಣು ಕಂಡುದನ್ನು ಜಗತ್ತಿನ ಶಾಸ್ತ್ರಜ್ಞರು ಅಳೆದು ಒಪ್ಪಿದುದರಿಂದ ಜೋಗದ ನೀರು ಮೈಸೂರಿಗೆ ದೀಪವಾಯಿತು.

ಆದರೆ ದೀಪದ ಲೆಕ್ಕದಲ್ಲಿ ಒಂದು ಕಲಮು ಬಿಟ್ಟುಹೋಗಿತ್ತು. ಆ ಆಗಾರಕ್ಕಾಗಿ ಹಿರೇಭಾಸ್ಕರದಲ್ಲಿ ಕಟ್ಟಿದ ಅಣೆಕಟ್ಟನ್ನು ೧೯೬೪ರ ಸುಮಾರಿಗೆ ಏರಿದ ಲಿಂಗನಮಕ್ಕಿಯ ನೀರು ಮುಳುಗಿಸಿತು; ಅಣೆಕಟ್ಟಿನೊಡನೆ ಊರುಗಳೂ ಗದ್ದೆಗಳೂ ಮುಳುಗಿದವು. ಎಷ್ಟು ಮೆಗಾವಾಟು ಬಂದಿತೆಂಬುದು ಕಡತದಲ್ಲಿ ದಾಖಲಾಯಿತು. ಅದಕ್ಕೆ ಪ್ರತಿಯಾಗಿ ಹೋದುದೇನೆಂಬುದು ನಿರ್ವಾಸಿತರ ಮನೆಗಳಲ್ಲಿ ಬಾಯಿಮಾತಾಗಿ ಉಳಿಯಿತು. ಪುಕ್ಕಟೆಯಾಗಿ ತಿರುಗುವ ಚಕ್ರವಿಲ್ಲವೆಂಬ ನಿಯಮವನ್ನು ಬಲ್ಲ ಶಾಸ್ತ್ರವೇ ಈ ಖರ್ಚನ್ನು ಬರೆಯದೆ ಬಿಟ್ಟುದು ಶಾಸ್ತ್ರದ ದೋಷವಲ್ಲ, ಲೆಕ್ಕ ಕೇಳುವವರಿಲ್ಲದ ವ್ಯವಸ್ಥೆಯ ದೋಷ.

ಲೆಕ್ಕ ಕೇಳುವವರು ಹುಟ್ಟಿದುದು ಶಿರಸಿಯಲ್ಲಿ. ಯಲ್ಲಾಪುರದ ಮಾಗೋಡಿನ ಹತ್ತಿರ ಬೇಡ್ತಿ ನದಿಗೆ ಅಣೆಕಟ್ಟು ಕಟ್ಟಿ ೨೧೦ ಮೆಗಾವಾಟು ವಿದ್ಯುತ್ತನ್ನು ತೆಗೆಯುವ ಯೋಜನೆಯು ಬಂದಾಗ ಕಣಿವೆಯ ತೋಟಗಳು ಮುಳುಗಡೆಗೆ ಗುರಿಯಾದವು. ಅಡಿಕೆ ಬೆಳೆಗಾರರು ೧೯೨೩ರಲ್ಲಿ ಕಟ್ಟಿಕೊಂಡ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವು ಆಗ ಕೈಗೊಂಡ ದಾರಿಯು ಚಿಂತನೀಯವಾದುದು. ಅದು ಬರಿಯ ಮನವಿಯನ್ನು ಬರೆದು ಸುಮ್ಮನಾಗಲಿಲ್ಲ. ಘೋಷಣೆಯಿಂದಲೇ ತೃಪ್ತಿ ಪಡಲಿಲ್ಲ. ಯೋಜನೆಯ ಲಾಭಹಾನಿಗಳನ್ನು ಅಳೆಯಿಸಿ, ೧೯೮೧ರಲ್ಲಿ ಶಿರಸಿಯಲ್ಲಿಯೇ ವಿಚಾರ ಸಂಕಿರಣವನ್ನು ಕೂಡಿಸಿ, ಬೆಂಗಳೂರಿನ ವಿಜ್ಞಾನ ಮಂದಿರದವರೇ ಮೊದಲಾದ ವಿದ್ವಾಂಸರನ್ನು ಕರೆಯಿಸಿ, ರೈತರೆದುರಿಗೆ ಅಂಕಿಗಳ ಪರೀಕ್ಷೆ ನಡೆಯಿಸಿತು. ಮುಳುಗುವ ತೋಟ, ಕಾಡು, ಸೊಪ್ಪಿನಬೆಟ್ಟ ಇವುಗಳ ಬೆಲೆಯನ್ನು ಖರ್ಚಿನ ಅಂಕಣದಲ್ಲಿ ಬರೆದಾಗ ಲಾಭವು ಹಾನಿಗೆ ಸಮನಾಗಲಿಲ್ಲ. ಯೋಜನೆಯು ಹಿಂದೆ ಸರಿಯಿತು. ೧೯೩೦-೩೨ರ ಕರನಿರಾಕರಣೆಯಲ್ಲಿ ಭೂಮಿಯ ಜಪ್ತಿಗೂ ಅಂಜದೆ ಸಿದ್ದಾಪುರದ ರೈತರು ಕರದ ನ್ಯಾಯವನ್ನು ಕೇಳಿದ್ದರು. ಐವತ್ತು ವರುಷಗಳ ಮೇಲೆ ಅದೇ ಸೀಮೆಯ ರೈತರು ಬಲದ ನ್ಯಾಯವನ್ನು ಕೇಳಿದರು. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆಯ ಸ್ವರಾಜ್ಯವೆಂದು ನಾವು ತಿಳಿಯುವುದಿಲ್ಲ.

ಈ ಮಾತನ್ನು ಇಂದು ನೆನೆಯುವುದಕ್ಕೆ ಕಾರಣವುಂಟು. ಬೇಡ್ತಿಯ ನೀರನ್ನು ಎತ್ತಿ ವರದಾ ನದಿಗೆ ಕೂಡಿಸುವ ಯೋಜನೆಯು ಚರ್ಚೆಯಲ್ಲಿದೆ. ಬೇಡ್ತಿಯು ಧಾರವಾಡದ ಕಡೆಯಿಂದ ಬಂದು ಪಶ್ಚಿಮಕ್ಕೆ ಹರಿದು ಗಂಗಾವಳಿಯೆಂಬ ಹೆಸರಿನಿಂದ ಸಮುದ್ರವನ್ನು ಸೇರುವುದು. ವರದೆಯು ಬನವಾಸಿಯ ಮಗ್ಗುಲಿನಿಂದ ಪೂರ್ವಕ್ಕೆ ಹರಿದು ತುಂಗಭದ್ರೆಯನ್ನು ಸೇರುವುದು. ನಡುವೆ ದಿಣ್ಣೆಯಿರುವುದು. ಹಾವೇರಿಯ ಕಡೆಯ ಬಯಲುಸೀಮೆಯ ರೈತನ ಬಾಯಾರಿಕೆಯು ಸುಳ್ಳಲ್ಲ. ಅವನೂ ಕನ್ನಡಿಗನೇ, ಅವನ ಹೊಲ ಒಣಗಿದರೆ ನಮ್ಮ ಅನ್ನವೇ ಒಣಗಿದಂತೆ. ಆದುದರಿಂದ ಘಟ್ಟದವರು ಕೊಡೆವೆಂದೂ ಬಯಲಿನವರು ಬಿಡೆವೆಂದೂ ಹಟ ತೊಡುವುದಕ್ಕಿಂತ ಮೊದಲು ಎರಡು ಸೀಮೆಯವರೂ ಒಟ್ಟಿಗೆ ಕುಳಿತು ಒಂದು ಲೆಕ್ಕವನ್ನು ಮಾಡಬೇಕು. ಒಂದು ಟಿ.ಎಂ.ಸಿ. ನೀರೆಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು ೨ ಕೋಟಿ ೮೩ ಲಕ್ಷ ಘನ ಮೀಟರು. ಅದನ್ನು ಕೇವಲ ನೂರು ಮೀಟರು ಮೇಲಕ್ಕೆತ್ತಬೇಕಾದರೆ ಪ್ರಕೃತಿನಿಯಮದಂತೆಯೇ ೭೭ ಲಕ್ಷ ಯೂನಿಟ್ಟು ವಿದ್ಯುತ್ತು ಬೇಕು. ಪಂಪು, ಮೋಟಾರು, ಕೊಳವೆಗಳ ಘರ್ಷಣೆಯಲ್ಲಿ ಕಾಲು ಪಾಲು ಹೋದರೆ ಅದು ಒಂದು ಕೋಟಿಯನ್ನು ಮೀರುವುದು. ಎಷ್ಟು ನೀರು, ಎಷ್ಟು ಎತ್ತರ, ಯಾವ ತಿಂಗಳುಗಳಲ್ಲಿ, ವಿದ್ಯುತ್ತಿನ ಹಣವನ್ನು ಕೊಡುವವರಾರು, ಕೊಳವೆಯ ದಾರಿಯಲ್ಲಿ ಹೋಗುವ ಕಾಡೆಷ್ಟು, ಬೇಸಗೆಯಲ್ಲಿ ಹೊಳೆಯಲ್ಲಿ ಉಳಿಯುವ ನೀರೆಷ್ಟು? ಹಾಗೆಯೇ ಬಯಲಿನ ಕೆರೆಗಳ ಹೂಳೆತ್ತಿದರೆ ಅದೇ ಹಣದಿಂದ ನಿಲ್ಲುವ ನೀರೆಷ್ಟು? ಈ ಪ್ರಶ್ನೆಗಳಿಗೆ ಉತ್ತರವು ಕನ್ನಡದಲ್ಲಿ, ಅಂಕಿಗಳಲ್ಲಿ, ಎರಡೂ ಸೀಮೆಯ ಸಭೆಗಳೆದುರಿಗೆ ಬರತಕ್ಕದ್ದು. ಉತ್ತರವು ಯೋಜನೆಗೆ ಅನುಕೂಲವಾಗಿದ್ದರೆ ಘಟ್ಟದವರು ಒಪ್ಪಬೇಕು. ಪ್ರತಿಕೂಲವಾಗಿದ್ದರೆ ಬಯಲಿನವರು ಒಪ್ಪಬೇಕು. ಲೆಕ್ಕಕ್ಕೆ ತಲೆಬಾಗುವುದು ಯಾರಿಗೂ ಅವಮಾನವಲ್ಲ.

ಆದರೆ ಒಂದು ಮಾತನ್ನು ನಮ್ಮವರಿಗೂ ಹೇಳದಿರಲಾರೆವು. ಸರಕಾರದಿಂದ ಲೆಕ್ಕ ಕೇಳುವ ನಾವು ನಮ್ಮ ತೋಟದ ಲೆಕ್ಕವನ್ನು ಸರಿಯಾಗಿ ಇಟ್ಟಿರುವೆವೆ? ಪ್ರಾಣವನ್ನು ಪಣವಾಗಿಟ್ಟು ಮರದಿಂದ ಮರಕ್ಕೆ ದಾಟುವ ಕೊನೆಗೌಡನ ವಿದ್ಯೆಯನ್ನು ವಿದ್ಯೆಯೆಂದು ಎಣಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧ ಹೊಡೆಯಲಿಕ್ಕೆ ಜಾರುವ ಮರವನ್ನೇರುವವನು ಅವನೇ; ಬಿದ್ದರೆ ಸೊಂಟ ಮುರಿಯುವುದು ಅವನದೇ. ಅವನ ಮಗನು ಮರವನ್ನೇರಲೊಲ್ಲದೆ ಪಟ್ಟಣಕ್ಕೆ ಹೋದನೆಂದು ನಾವು ಕೊರಗುತ್ತೇವೆ. ಹೋಗದೆ ಏನು ಮಾಡಿಯಾನು? ಈಗ ಹಗುರಾದ ಇಂಗಾಲದ ನಾರಿನ ದೋಟಿಗಳೂ ಮರವೇರುವ ಮೋಟಾರು ಬಂಡಿಗಳೂ ಬಂದಿವೆ. ಇವುಗಳನ್ನು ರೂಪಿಸುವಾಗ ಮರದ ತೂಗಾಟವನ್ನು, ತೊಯ್ದ ಕಾಂಡದ ಜಾರನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನನ್ನು ಕೇಳಬೇಕಾದುದು ನ್ಯಾಯವಲ್ಲವೆ? ವೆನಿಸಿನ ಹಡಗುಕಟ್ಟೆಯ ಕೆಲಸಗಾರನೊಡನೆ ಮಾತಾಡಿದುದರಿಂದ ಗೆಲಿಲಿಯೊನ ಪಾಂಡಿತ್ಯವು ಕುಂದಲಿಲ್ಲ. ಬಡಗಿಯ ಚಕ್ರವನ್ನು ಒಪ್ಪಿಕೊಂಡುದರಿಂದ ಶಾಸ್ತ್ರಜ್ಞರ ಮರ್ಯಾದೆ ಹೋಗಲಿಲ್ಲ.

ನಮ್ಮ ಸೂಚನೆಯು ಸಣ್ಣದು, ಹೆಚ್ಚು ಹಣವೂ ಬೇಡ. ಶಿರಸಿಯಂಥ ಊರಿನಲ್ಲಿ ವರುಷಕ್ಕೆ ಎರಡು ಸಲ ಒಂದು ಸಭೆ ಕೂಡಲಿ. ಅದರಲ್ಲಿ ಇಂಜಿನಿಯರನೂ ಕಾಲೇಜಿನ ಅಧ್ಯಾಪಕನೂ ಇರಲಿ. ಅವರೊಡನೆ ಸಮಾನವಾದ ಆಸನದಲ್ಲಿ ಕಮ್ಮಾರ, ಬಡಗಿ, ಪಂಪು ದುರಸ್ತಿಯವ, ಕೊನೆಗೌಡ ಇವರೂ ಕುಳಿತಿರಲಿ. ಒಬ್ಬನು ತಾನು ಮಾಡಿದುದನ್ನು ತೋರಿಸಲಿ, ಮತ್ತೊಬ್ಬನು ಅಳೆಯಲಿ, ಮೂರನೆಯವನು ಕನ್ನಡದಲ್ಲಿ ಬರೆದಿಡಲಿ. ಸರಕಾರದ ಯೋಜನೆಯು ಬಂದರೆ ಅದೇ ಸಭೆಯ ಮೇಜಿನ ಮೇಲೆ ಅದೂ ಪರೀಕ್ಷೆಗೊಳಗಾಗಲಿ. ಹೀಗೆ ಹತ್ತು ವರುಷ ನಡೆದರೆ ಘಟ್ಟದ ಮೇಲೆ ಒಂದು ಶಾಸ್ತ್ರಸಮಾಜವು ತಾನಾಗಿ ರೂಪುಗೊಳ್ಳುವುದು. ತಾನಾಗಿ ತಿರುಗುವ ಚಕ್ರದಂತೆ ಪುಕ್ಕಟೆಯಾಗಿ ಅಲ್ಲ, ನಾವು ಒದಗಿಸಿದ ಶ್ರಮದಷ್ಟೇ.

ಮಾರಿಕಾಂಬೆಯ ತೇರನ್ನು ಯಾವ ಒಬ್ಬ ಜಟ್ಟಿಯೂ ಎಳೆಯಲಾರನು. ಹಗ್ಗಕ್ಕೆ ಕೈ ಹಾಕಿದವರೆಲ್ಲರೂ ಒಂದೇ ದಿಕ್ಕಿಗೆ, ಒಂದೇ ಗಳಿಗೆಯಲ್ಲಿ ಎಳೆದಾಗಲೇ ಅದು ಹೊರಡುವುದು. ದಿಕ್ಕು ಯಾವುದೆಂದು ತಿಳಿಯದೆ ಹಗ್ಗವನ್ನು ಹಿಡಿಯುವುದು ಸ್ವತಂತ್ರ ಜನರಿಗೆ ತಕ್ಕುದಲ್ಲ. ಆ ತಿಳಿವಳಿಕೆಯನ್ನು ಪ್ರತಿಯೊಬ್ಬನ ಕೈಗೆ ಕೊಡತಕ್ಕ ಶಾಸ್ತ್ರವು ಇದೆ. ಅದು ನಮ್ಮದೂ ಅಹುದು. ಅದನ್ನು ಕೈಗೆತ್ತಿಕೊಳ್ಳುವ ಮನಸ್ಸು ನಮ್ಮ ಮಲೆನಾಡಿನ ತರುಣರಿಗೂ ಹಿರಿಯರಿಗೂ ಬೇಗನೆ ಬರಲೆಂದು ಹಾರೈಸುತ್ತೇವೆ.